ಕೇಪಿನ ಕೋವಿಯಲ್ಲಿ ಈಡು ಇದೆಯೋ, ಇಲ್ಲವೋ?



ಕಲ್ಲಡ್ಕದಿಂದ ಯಾವ ದಿಕ್ಕಿಗೆ ಹೊರಟರೂ ಅಡಿಕೆ ತೋಟ. ತೋಟದ ಮೇಲ್ಬದಿಗೆ ಗುಡ್ಡ. ಗುಡ್ಡದಲ್ಲಿ ಹಂದಿ ಮತ್ತು ಮಂಗ. ಆದುದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ಕಡೆಯ ಅನೇಕ ಮನೆಗಳಲ್ಲಿ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆಯ ಕೇಪಿನ ಕೋವಿ ಇರುವುದುಂಟು. ಹಲವು ಅಜ್ಜನ ಕಾಲದಿಂದ ಬಂದವು. ಅಜ್ಜನಿಗೆ ತನ್ನ ಕೋವಿಯ ಗುಣ ಗೊತ್ತಿತ್ತು. ಈಗ ಅದನ್ನು ವರ್ಷಕ್ಕೆ ಎರಡೋ ಮೂರೋ ಸಲ ಕೆಳಗಿಳಿಸುವ ನಮಗೆ ಅಷ್ಟು ಗೊತ್ತಿಲ್ಲ. ಅಪಾಯ ಇರುವುದು ಇಲ್ಲಿಯೇ.

ತೋಟೆ ಕೋವಿಯನ್ನು ಮಡಚಿ ನೋಡಿದರೆ ಒಳಗೆ ತೋಟೆ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಕೇಪಿನ ಕೋವಿಯ ಹಿಂಬದಿ ಮುಚ್ಚಿದೆ. ಮದ್ದು, ನಾರು, ಚರೆ ಎಲ್ಲವೂ ಬಾಯಿಯಿಂದಲೇ ಒಳಹೋಗಿ ತಳದಲ್ಲಿ ಕುಳಿತಿರುತ್ತವೆ. ಸೈನ್ಯದವರು 1860ರ ದಶಕದಲ್ಲಿಯೇ ಬಾಯಿಯಿಂದ ತುಂಬುವ ಕೋವಿಗಳನ್ನು ಬಿಡತೊಡಗಿದರು. ನಮ್ಮ ತೋಟಗಳಲ್ಲಿ ಅವು ಇನ್ನೂ ಇವೆ. ಕೇಪು ತೆಗೆದಿಟ್ಟರೆ ಸಾಕೆಂದು ಎಣಿಸುವವರಿದ್ದಾರೆ. ಕೇಪು ಕಪಾಟಿಗೆ ಹೋಯಿತು ಸರಿ, ಈಡು ನಳಿಗೆಯಲ್ಲಿಯೇ ಉಳಿಯಿತಲ್ಲ! ಆರು ತಿಂಗಳು ಕಳೆದು ಮಂಗಗಳ ಹಿಂಡು ಬಂತೆಂದು ಮಗನೋ ಅಳಿಯನೋ ಅವಸರದಲ್ಲಿ ಮತ್ತೆ ತುಂಬಿದರೆ ಒಂದರ ಮೇಲೊಂದು ಎರಡು ಈಡು. ನಳಿಗೆ ಸಿಡಿದರೆ ಅದನ್ನು ಹಿಡಿದ ಎಡಗೈಗೆ, ಮುಖಕ್ಕೆ, ಕಣ್ಣಿಗೆ ಪೆಟ್ಟು.

ಇದಕ್ಕೆ ಖರ್ಚಿಲ್ಲದ ಒಂದು ಉಪಾಯವಿದೆ. ಕೋವಿ ಪೂರ್ಣ ಖಾಲಿ ಎಂದು ಬಲ್ಲವರಿಂದ ಖಚಿತಪಡಿಸಿಕೊಂಡ ದಿನ, ಗಜದ ಕೋಲನ್ನು ನಳಿಗೆಯ ತಳ ಮುಟ್ಟುವಷ್ಟು ಇಳಿಸಿ, ನಳಿಗೆಯ ಬಾಯಿಯ ಮಟ್ಟಕ್ಕೆ ಸರಿಯಾಗಿ ಕೋಲಿನ ಮೇಲೆ ಚೂರಿಯಿಂದ ಒಂದು ಗೀರು ಹಾಕಿರಿ. ಸರಿಯಾದ ಅಳತೆಯ ಒಂದು ಈಡು ತುಂಬಿದಾಗ ಕೋಲು ಎಲ್ಲಿ ನಿಲ್ಲುತ್ತದೋ ಅಲ್ಲಿ ಎರಡನೆಯ ಗೀರು. ಇನ್ನು ಮುಂದೆ ಕೋವಿ ಕೈಗೆ ಬಂದಾಗಲೆಲ್ಲ ಮೊದಲು ಕೇಪು ಇದೆಯೇ ನೋಡಿ ತೆಗೆಯಬೇಕು. ಬಳಿಕ ಬಾಯಿಯನ್ನು ಮುಖದಿಂದ ದೂರಕ್ಕೆ ತಿರುಗಿಸಿ ಗಜ ಇಳಿಸಬೇಕು. ಮೊದಲನೆಯ ಗೀರು ಬಾಯಿಯ ಮಟ್ಟಕ್ಕೆ ಬಂದರೆ ಖಾಲಿ. ಎರಡನೆಯ ಗೀರು ಬಂದರೆ ಒಂದು ಈಡು ಇದೆ. ಅದಕ್ಕಿಂತಲೂ ಕೋಲು ಮೇಲೆ ನಿಂತರೆ ಒಂದೋ ಎರಡು ಈಡು ಇದೆ, ಇಲ್ಲವೇ ನಾರು ಅರ್ಧದಲ್ಲಿ ಸಿಕ್ಕಿದೆ. ಅಂಥ ಕೋವಿಯನ್ನು ಹೊಡೆಯಲೇ ಕೂಡದು. ಮದ್ದನ್ನು ನೀರಿನಿಂದ ನೆನೆಯಿಸಿ ಈಡನ್ನು ಕೀಳುವ ಕ್ರಮವಿದೆ. ಅದು ಪರವಾನಗಿ ಇರುವ ಕೋವಿ ರಿಪೇರಿಯವರ ಕೆಲಸ. ನಳಿಗೆಯನ್ನು ಬೆಂಕಿಯ ಹತ್ತಿರ ಕಾಯಿಸುವುದು, ಬಾಯಿಗೆ ಕಣ್ಣಿಟ್ಟು ಇಣುಕುವುದು, ಊದಿ ನೋಡುವುದು ಸಲ್ಲದು.

ತುಂಬುವಾಗ ಮದ್ದು ಅಳತೆಯಲ್ಲಿರಲಿ. ಈ ಕೋವಿಗೆ ಕರಿಮದ್ದು ಮಾತ್ರ. ತೋಟೆ ಬಿಚ್ಚಿ ತೆಗೆದ ಹೊಗೆಯಿಲ್ಲದ ಮದ್ದು ನೋಡಲು ಸ್ವಲ್ಪವೇ ಇದ್ದರೂ ಅದರ ಒತ್ತಡವನ್ನು ಈ ನಳಿಗೆ ತಾಳದು. ನಾರು ಮದ್ದಿನ ಮೇಲೆ ಒತ್ತಿ ಕೂರಬೇಕು. ನಡುವೆ ಜಾಗ ಬಿಟ್ಟರೆ ನಳಿಗೆ ಉಬ್ಬುವುದಕ್ಕೂ ಒಡೆಯುವುದಕ್ಕೂ ಅದೇ ಕಾರಣ. ಒಂದು ಈಡು ಹೊಡೆದ ತಕ್ಷಣ ಇನ್ನೊಂದು ತುಂಬಬಾರದು. ಒಳಗೆ ಕೆಂಡದ ಕಿಡಿ ಉಳಿದಿರಬಹುದು. ಒದ್ದೆ ಬಟ್ಟೆ ಸುತ್ತಿದ ಗಜದಿಂದ ಒರಸಿ, ಬಳಿಕ ಒಣಗಿಸಿ ತುಂಬುವುದು. ಮದ್ದಿನ ಬುರುಡೆಯಿಂದ ನೇರವಾಗಿ ಸುರಿಯದೆ ಸಣ್ಣ ಅಳತೆಯಿಂದ ಹಾಕಬೇಕು. ಕಿಡಿ ತಗಲಿದರೆ ಬುರುಡೆಯೇ ಕೈಯಲ್ಲಿ ಸಿಡಿದೀತು. ಕೇಪು ಕೊನೆಗೆ, ಹೊಡೆಯುವ ಜಾಗದಲ್ಲಿಯೇ.

ನಮ್ಮ ಮಳೆಗಾಲದಲ್ಲಿ ಕೇಪು ಸಿಡಿದೂ ಮದ್ದು ಹತ್ತದಿರುವುದು ಹೊಸದಲ್ಲ. ಆಗ ಕೋವಿಯನ್ನು ಕೆಳಗಿಳಿಸಿ ಬಾಯಿ ನೋಡುವ ಅಭ್ಯಾಸ ಬಹಳ ಕೆಟ್ಟದ್ದು. ಒಳಗಿನ ಮದ್ದು ತಡವಾಗಿ ಹತ್ತುವುದುಂಟು. ಗುರಿಯಿಟ್ಟ ಕಡೆಗೇ ಹಿಡಿದು ಒಂದೆರಡು ನಿಮಿಷ ನಿಲ್ಲಬೇಕು.

ತಡಮೆ ದಾಟುವಾಗ, ಕಟ್ಟಪುಣಿಯ ಮೇಲೆ ನಡೆಯುವಾಗ ಕೇಪು ಇಟ್ಟ ಕೋವಿ ಹೆಗಲಲ್ಲಿ ಇರಬಾರದು. ಕೇಪನ್ನು ಬಡಿಯುವ ಕುದುರೆಯನ್ನು ಅರ್ಧ ಎತ್ತಿ ನಿಲ್ಲಿಸಿದ್ದೇನೆ ಎಂಬ ಧೈರ್ಯ ಬೇಡ. ಹಳೆಯ ಕೋವಿಗಳ ಆ ಕಚ್ಚು ಸವೆದಿರುತ್ತದೆ, ಒಂದು ಬಳ್ಳಿ ಎಳೆದರೂ ಬೀಳುತ್ತದೆ.

ಕತ್ತಲೆಯಲ್ಲಿ ಸದ್ದಿಗೆ ಹೊಡೆಯುವ ವಿಷಯ. ಕೊಡಗಿನಲ್ಲಿಯೂ ಮಲೆನಾಡಿನಲ್ಲಿಯೂ ಹಂದಿಯೆಂದು ಎಣಿಸಿ ಜೊತೆಗೆ ಬಂದವನಿಗೇ ಈಡು ತಗಲಿದ ಪ್ರಕರಣಗಳು ಮತ್ತೆ ಮತ್ತೆ ಆಗಿವೆ. ನಮ್ಮಲ್ಲಿ ಬೆಳಗಾಗುವ ಮುಂಚೆ ಗುಡ್ಡದಲ್ಲಿ ರಬ್ಬರು ಟ್ಯಾಪಿಂಗಿಗೆ ಹೋದವರು ತಲೆಗೆ ದೀಪ ಕಟ್ಟಿಕೊಂಡಿರುತ್ತಾರೆ. ರಾತ್ರಿ ಪಂಪು ಹಾಕಲು ನೆರೆಯವರು ಬರುತ್ತಾರೆ. ಪೊದೆ ಅಲ್ಲಾಡಿತು, ಏನೋ ಮಿಂಚಿತು ಎಂದು ಬೆರಳು ಎಳೆಯಕೂಡದು. ಗುರಿಯ ಹಿಂದೆ ಏನಿದೆಯೆಂದೂ ನೋಡಬೇಕು. ಮಣ್ಣಿನ ಬರೆ ಇದ್ದರೆ ಒಳ್ಳೆಯದು; ಮುರಕಲ್ಲಿನ ಪಾದೆಗೆ ತಗಲಿದ ಚರೆ ಎತ್ತಲೋ ಚಿಮ್ಮುತ್ತದೆ. ಚರೆಯಿಲ್ಲದೆ ಬರೇ ಸದ್ದಿಗೆ ಹೊಡೆದರೂ ಹತ್ತಿರದಲ್ಲಿದ್ದವರನ್ನು ನಾರಿನ ಮುದ್ದೆಯೂ ಉರಿಯೂ ಗಾಯಗೊಳಿಸುತ್ತವೆ.

ಬೆಳೆ ರಕ್ಷಣೆಯ ಪರವಾನಗಿಯೆಂದರೆ ಬೇಟೆಯ ಅನುಮತಿಯಲ್ಲ. 1972ರ ವನ್ಯಜೀವಿ ಕಾಯಿದೆಯಂತೆ ಅಧಿಕಾರಿಗಳ ಲಿಖಿತ ಆದೇಶವಿಲ್ಲದೆ ಹಂದಿಯನ್ನು ಕೊಲ್ಲುವಂತಿಲ್ಲ. ಒಂದೇ ರಾತ್ರಿಯಲ್ಲಿ ಬಾಳೆಯನ್ನೆಲ್ಲ ಕಳೆದುಕೊಂಡವನಿಗೆ ಇದು ಕಹಿಯೆಂದು ಬಲ್ಲೆವು. ಆದರೂ ಕಾನೂನು ಹೀಗಿದೆ. ಹಂದಿಯ ದಾರಿಗೆ ದಾರ ಬಿಗಿದು ಕೋವಿ ಕಟ್ಟಿಬರುವುದನ್ನಂತೂ ಯಾರೂ ಮಾಡಬಾರದು. ಸೊಪ್ಪಿಗೆ ಹೋದ ಹೆಂಗಸಿನ ಕಾಲನ್ನೂ ಹಂದಿಯ ಕಾಲನ್ನೂ ಆ ದಾರ ಬೇರೆ ಮಾಡಿ ತಿಳಿಯದು.

ಕೋವಿ ಖಾಲಿಯಾಗಿ ಬೀಗದೊಳಗೆ, ಮದ್ದು ಮತ್ತು ಕೇಪು ಬೇರೆ ಬೇರೆ ಕಡೆ, ಅಡಿಗೆ ಒಲೆಯಿಂದ ದೂರ. ಬೀಗದ ಕೈ ಮಕ್ಕಳಿಗೆ ಸಿಗಬಾರದು.

ಕೊನೆಯದಾಗಿ ಚುನಾವಣೆಯ ಸಮಯದ ಮಾತು. ಆಗ ಕೋವಿಯನ್ನು ಠಾಣೆಯಲ್ಲಿ ಇಡಬೇಕೆಂದು ಆದೇಶ ಬರುವುದುಂಟು. ಕೊಂಡೊಯ್ಯುವ ಮೊದಲು ಗಜ ಇಳಿಸಿ ನೋಡಿರಿ. ತುಂಬಿದ ಕೋವಿಯನ್ನು ಬಸ್ಸಿನಲ್ಲಿ ತರುವುದು ಎಲ್ಲರಿಗೂ ಅಪಾಯ. ಹಿಂದಕ್ಕೆ ತಂದ ದಿನವೂ ಹಾಗೆಯೇ. ತಿಂಗಳುಗಟ್ಟಲೆ ಮೂಲೆಯಲ್ಲಿ ನಿಂತ ನಳಿಗೆಯೊಳಗೆ ತುಕ್ಕು ಕೂತಿರಬಹುದು, ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಗಜ ಮೊದಲನೆಯ ಗೀರಿನವರೆಗೆ ಇಳಿದು, ತಳಕ್ಕೆ ತಗಲಿದ ಕಬ್ಬಿಣದ ಸದ್ದು ಕೇಳಿದ ಮೇಲೆಯೇ ಅದನ್ನು ಗೋಡೆಗೆ ಏರಿಸಿರಿ.