ಗೋಬರ್ ಗ್ಯಾಸ್: ಕೊಟ್ಟಿಗೆಯ ಇನ್ನೊಂದು ಹೊಟ್ಟೆ



ಹಸು ತಿಂದ ಹುಲ್ಲನ್ನು ಅದರ ಮೊದಲ ಹೊಟ್ಟೆಯಲ್ಲಿ ಕರಗಿಸುವುದು ಕಣ್ಣಿಗೆ ಕಾಣದ ಕೋಟ್ಯಂತರ ಸೂಕ್ಷ್ಮಜೀವಿಗಳು. ಇದನ್ನು ತರಬೇತಿಗಳಲ್ಲಿ ನೀವು ಕೇಳಿರುತ್ತೀರಿ. ಆ ಕೆಲಸ ನಡೆಯುವಾಗ ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಹಸು ಅದನ್ನು ತೇಗಿನಲ್ಲಿ ಹೊರಹಾಕುತ್ತದೆ. ಗೋಬರ್ ಗ್ಯಾಸ್ ಗುಂಡಿಯಲ್ಲಿ ಆಗುವುದೂ ಇದೇ. ಸಗಣಿಯಲ್ಲಿ ಉಳಿದ ನಾರನ್ನು ಅಂಥದೇ ಜೀವಿಗಳು ಗಾಳಿಯಾಡದ ಜಾಗದಲ್ಲಿ ಕೊಳೆಸುತ್ತವೆ. ಹುಟ್ಟಿದ ಮೀಥೇನ್ ಪೈಪಿನಲ್ಲಿ ನಿಮ್ಮ ಒಲೆಗೆ ಬರುತ್ತದೆ. ಪಶುವೈದ್ಯೆಯಾದ ನಾನು ಗ್ಯಾಸಿನ ವಿಷಯ ಬರೆಯುತ್ತಿರುವುದು ಇದೇ ಕಾರಣಕ್ಕೆ. ಹಸುವಿನ ಹೊಟ್ಟೆಯನ್ನು ನೋಡಿಕೊಳ್ಳಲು ಬಲ್ಲವರಿಗೆ ಇದನ್ನು ನಡೆಸುವುದು ಹೊಸ ವಿದ್ಯೆಯೇನಲ್ಲ.

ಆದರೂ ಚಿಕಿತ್ಸೆಗೆ ಹೋದ ಎಷ್ಟೋ ಮನೆಗಳ ಹಿತ್ತಿಲಲ್ಲಿ ಗ್ಯಾಸ್ ಗುಂಡಿ ಇದ್ದು, ಅದರ ಗುಮ್ಮಟದ ಮೇಲೆ ಸೌದೆ ಒಣಹಾಕಿರುವುದನ್ನು ನೋಡಿದ್ದೇನೆ. "ಎರಡು ವರ್ಷ ಉರೀತು ಡಾಕ್ಟ್ರೇ, ಆಮೇಲೆ ನಿಂತೇ ಹೋಯ್ತು" ಅನ್ನುತ್ತಾರೆ. ಕಟ್ಟಡ ಬಿರುಕು ಬಿಟ್ಟು ನಿಂತವು ಕೆಲವು. ಉಳಿದವು ಬಹುಪಾಲು ಹಸಿದು ನಿಂತವು, ಇಲ್ಲವೇ ಹೊಟ್ಟೆ ಕೆಟ್ಟು ನಿಂತವು. ಮನೆಯ ಹೆಂಗಸು ಮತ್ತೆ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಒಲೆ ಊದುತ್ತಾಳೆ, ಇಲ್ಲವೇ ಹಾಲಿನ ಬಿಲ್ಲಿನಿಂದ ಸಿಲಿಂಡರ್ ತರಿಸುತ್ತಾಳೆ.

ಮೊದಲು ಲೆಕ್ಕ. ಒಂದು ಕೆ.ಜಿ. ಹಸಿ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಬರುತ್ತದೆ. ಅಂದರೆ ದಿನಕ್ಕೆ 1 ಘನ ಮೀಟರ್ ಗ್ಯಾಸಿಗೆ 25 ಕೆ.ಜಿ. ಸಗಣಿ, 2 ಘನ ಮೀಟರಿಗೆ 50 ಕೆ.ಜಿ. ಬೇಕು. ನಾಲ್ಕೈದು ಜನರ ಮನೆಯ ಅಡುಗೆಗೆ 2 ಘನ ಮೀಟರ್ ಸಾಕು. ನಾಟಿ ಹಸು ದಿನಕ್ಕೆ 10 ಕೆ.ಜಿ. ಆಸುಪಾಸು ಸಗಣಿ ಹಾಕುತ್ತದೆ, ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸುವ ಮಿಶ್ರತಳಿ ಹಸು 15 ಕೆ.ಜಿ. ಅಥವಾ ಇನ್ನೂ ಹೆಚ್ಚು. ಹೊರಗೆ ಮೇಯಲು ಹೋಗುವ ರಾಸಾದರೆ ಅರ್ಧ ಸಗಣಿ ದಾರಿಯಲ್ಲೇ ಬೀಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಟ್ಟುವ ಮೊದಲು ಒಂದು ವಾರ ನಿಮ್ಮ ಸಗಣಿಯನ್ನು ಬುಟ್ಟಿಯಲ್ಲಿ ತೂಗಿ ನೋಡಿ. ಮೇಸ್ತ್ರಿ ಹೇಳುವ ಅಳತೆಗಿಂತ ಆ ತೂಕವನ್ನು ನಂಬಿ.

ಇನ್ನೂ ಒಂದು ಮಾತು. ಈಗ ನಾಲ್ಕು ಹಸು ಇವೆ ಎಂದು ನಾಲ್ಕರ ಅಳತೆಗೆ ಕಟ್ಟಿಸುತ್ತಾರೆ. ಮಗಳ ಮದುವೆಗೋ ಆಸ್ಪತ್ರೆ ಖರ್ಚಿಗೋ ಎರಡನ್ನು ಮಾರಿದ ಮೇಲೆ ಗುಂಡಿ ಉಪವಾಸ ಬೀಳುತ್ತದೆ. ಕಷ್ಟದ ವರ್ಷದಲ್ಲೂ ಕೊಟ್ಟಿಗೆಯಲ್ಲಿ ಉಳಿಯುವ ರಾಸು ಎಷ್ಟು? ಆ ಸಂಖ್ಯೆಗೆ ಕಟ್ಟಿಸಿ. ಎರಡೇ ಹಸುವಾದರೆ 1 ಘನ ಮೀಟರಿನದು ಸಾಕು. ಬೆಳಗಿನ ಕಾಫಿ, ತಿಂಡಿ, ಒಂದು ಹೊತ್ತಿನ ಅಡುಗೆ ಅದರಲ್ಲಿ ಆಗುತ್ತದೆ.

ಸಗಣಿಯ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮವೇ ಸಾಕ್ಷಿ. ಭಾರತೀಯ ವಿಜ್ಞಾನ ಸಂಸ್ಥೆಯ 'ಅಸ್ತ್ರ' ಕೇಂದ್ರದವರು ಅಲ್ಲಿ ಇಡೀ ಊರಿಗೆ ಸೇರಿ ಒಂದು ಗೋಬರ್ ಗ್ಯಾಸ್ ಘಟಕ ಕಟ್ಟಿದರು. ಎಲ್ಲ ಮನೆಗೂ ಎರಡು ಹೊತ್ತಿನ ಅಡುಗೆಗೆ ಗ್ಯಾಸ್ ಸಾಲಲಿಲ್ಲ. 1987ರಲ್ಲಿ ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಮನೆಗಳಿಗೆ ದೀಪ ಮತ್ತು ಕೊಳವೆಬಾವಿಯ ನೀರು ಕೊಡತೊಡಗಿದರು. ಸಗಣಿ ತಂದು ಹಾಕಿದವರಿಗೆ ಕೆ.ಜಿ. ಲೆಕ್ಕದಲ್ಲಿ ಹಣ ಸಿಗುತ್ತಿತ್ತು, ಗೊಬ್ಬರವೂ ವಾಪಸ್ಸು. ಇರುವ ಸಗಣಿಯಿಂದ ಯಾವ ಕೆಲಸ ಆಗುತ್ತದೋ ಆ ಕೆಲಸ ಹಿಡಿದರು, ನಡೆಯಿತು.

ಉಳಿತಾಯವನ್ನೂ ನೋಡಿ. 1 ಘನ ಮೀಟರ್ ಗೋಬರ್ ಗ್ಯಾಸ್ ಹೆಚ್ಚುಕಡಿಮೆ 450 ಗ್ರಾಂ ಎಲ್‌ಪಿಜಿಗೆ ಸಮ. ಹೊಟ್ಟೆ ತುಂಬ ಉಂಡ 2 ಘನ ಮೀಟರಿನ ಘಟಕ ತಿಂಗಳಿಗೆ 14.2 ಕೆ.ಜಿ.ಯ ಹೆಚ್ಚುಕಡಿಮೆ ಎರಡು ಸಿಲಿಂಡರಿನಷ್ಟು ಕೊಡಬಲ್ಲದು. ಚಳಿಗಾಲದ ಕೊರತೆ, ಬಿಟ್ಟುಹೋದ ದಿನಗಳನ್ನು ಕಳೆದು ಒಂದು ಸಿಲಿಂಡರ್ ಎಂದಿಟ್ಟುಕೊಳ್ಳಿ. ಸ್ನಾನದ ಹಂಡೆಗೆ ಇದು ಸಾಲದು. ಅದಕ್ಕೆ ಬೆಂಗಳೂರಿನ ಮನೆ, ಅಪಾರ್ಟ್‌ಮೆಂಟುಗಳ ತಾರಸಿ ಮೇಲೆ ಇಟ್ಟಿರುವಂಥ ಸೋಲಾರ್ ಹೀಟರೇ ಸರಿ.

ಕಟ್ಟಿಸುವುದರಲ್ಲಿ ಇಟ್ಟಿಗೆ ಸಿಮೆಂಟಿನ ಗುಮ್ಮಟದ 'ದೀನಬಂಧು' ಮಾದರಿ ಹೆಚ್ಚು ಬಳಕೆಯಲ್ಲಿದೆ. ಈಗ ದಪ್ಪ ಹಾಳೆಯ ಚೀಲದ ಮಾದರಿಯೂ ಬಂದಿದೆ. ಗುಮ್ಮಟವನ್ನು ಅನುಭವವಿರುವ ಮೇಸ್ತ್ರಿಯೇ ಕಟ್ಟಬೇಕು, ಕೂದಲೆಳೆ ಬಿರುಕಿದ್ದರೂ ಗ್ಯಾಸ್ ನಿಲ್ಲದು. ಸಹಾಯಧನ ಬೇಕಿದ್ದರೆ ಗುಂಡಿ ತೋಡುವ ಮೊದಲೇ ತಾಲ್ಲೂಕು ಪಂಚಾಯಿತಿಯಲ್ಲಿ ವಿಚಾರಿಸಿ. ಜಾಗ ಗುರುತು ಹಾಕುವ ದಿನ ನೀವು ಅಲ್ಲಿ ನಿಂತಿರಬೇಕು, ಇದು ನನ್ನ ಒತ್ತಾಯ. ಗಂಡಸರು ಜಾಗ ತೋರಿಸಿ ಹೋಗುತ್ತಾರೆ, ದಿನಾ ಸಗಣಿ ಹೊತ್ತು ಕಲಸುವವರು ನೀವು. ಕೊಟ್ಟಿಗೆಗೆ ಹತ್ತಿರ, ಅಡುಗೆಮನೆಗೂ ತೀರಾ ದೂರವಲ್ಲದ, ಬಿಸಿಲು ಬೀಳುವ, ಕುಡಿಯುವ ನೀರಿನ ಬಾವಿಯಿಂದ ದೂರದ ಜಾಗ ಬೇಕು. ಕಲಸುವ ತೊಟ್ಟಿ ನಿಮ್ಮ ಸೊಂಟದ ಎತ್ತರಕ್ಕಿಂತ ಮೇಲೆ ಹೋಗದಿರಲಿ.

ಗುಂಡಿಯನ್ನು ಮೊದಲ ಸಲ ತುಂಬಲು ತುಂಬಾ ಸಗಣಿ ಬೇಕು, ನೆರೆಹೊರೆಯಿಂದ ಕೇಳಿ ತರಬೇಕಾಗುತ್ತದೆ. ಜೊತೆಗೆ, ಚೆನ್ನಾಗಿ ನಡೆಯುತ್ತಿರುವ ಬೇರೆ ಮನೆಯ ಗುಂಡಿಯಿಂದ ನಾಲ್ಕಾರು ಬಕೆಟ್ ಸ್ಲರಿ ತಂದು ಸುರಿಯಿರಿ. ಹಾಲಿಗೆ ಹೆಪ್ಪು ಹಾಕುವ ಹಾಗೆ. ಬೆಂಗಳೂರಿನಲ್ಲಿ ಹಸಿ ಕಸದಿಂದ ಗ್ಯಾಸ್ ಮಾಡುವ ಅಪಾರ್ಟ್‌ಮೆಂಟಿನವರೂ ಮೊದಲ ಹೆಪ್ಪಿಗೆ ಸಗಣಿಯನ್ನೇ ಹುಡುಕುತ್ತಾರೆ! ಮೊದಮೊದಲು ಬರುವ ಗ್ಯಾಸ್ ಹತ್ತಿಕೊಳ್ಳುವುದಿಲ್ಲ, ಅದನ್ನು ಹೊರಗೆ ಬಿಟ್ಟುಬಿಡಿ.

ಮುಂದೆ ದಿನದ ಮೇವು. ಒಂದು ಬುಟ್ಟಿ ಸಗಣಿಗೆ ಅದೇ ಬುಟ್ಟಿಯ ಅಳತೆಯಷ್ಟು ನೀರು. ಕಲ್ಲು, ಮಣ್ಣು, ಹುಲ್ಲಿನ ಕಡ್ಡಿ ತೆಗೆದು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಬಿಡಿ. ನೀರು ಹೆಚ್ಚಾದರೆ ಸಗಣಿ ಜೀರ್ಣವಾಗುವ ಮೊದಲೇ ಹೊರಗೆ ಹರಿದುಹೋಗುತ್ತದೆ, ಅದಕ್ಕೆ ಒಳಗೆ ಸುಮಾರು 40 ದಿನ ಬೇಕು. ಹಸುವಿಗೆ ಒಂದು ದಿನ ಮೇವು ತಪ್ಪಿಸಿ ಮರುದಿನ ಎರಡರಷ್ಟು ಹಾಕುವುದಿಲ್ಲವಲ್ಲ, ಇಲ್ಲೂ ಹಾಗೇ.

ಮದುವೆ ಮನೆಯಿಂದ ಉಳಿದ ಅನ್ನ ತಂದು ಹಾಕಿದಾಗ ಹಸು ಹೊಟ್ಟೆ ಹುಳಿಯಾಗಿ ಮಲಗಿಬಿಡುವುದನ್ನು ನೀವು ನೋಡಿದ್ದೀರಿ. ಅನ್ನ, ಮುದ್ದೆ, ಹಿಟ್ಟನ್ನು ಗುಂಡಿಗೆ ಒಮ್ಮೆಲೇ ಸುರಿದರೂ ಅದೇ ಗತಿ: ಹುಳಿ ಹೆಚ್ಚಿ ಮೀಥೇನ್ ಮಾಡುವ ಜೀವಿಗಳು ಸಾಯುತ್ತವೆ, ಉರಿ ಇಳಿಯುತ್ತದೆ, ಹುಳಿ ವಾಸನೆ ಬರುತ್ತದೆ. ಅಡುಗೆಮನೆಯ ಉಳಿಕೆಯನ್ನು ಹಿಡಿಯಷ್ಟು ಸೇರಿಸಿದರೆ ತೊಂದರೆಯಿಲ್ಲ. ಹುಳಿಯಾಗಿದೆ ಅನ್ನಿಸಿದರೆ ಕೆಲವು ದಿನ ಏನೂ ಹಾಕಬೇಡಿ, ಆಮೇಲೆ ಬರೀ ಸಗಣಿಯನ್ನು ಅರ್ಧ ಅಳತೆಯಿಂದ ಶುರುಮಾಡಿ. ಆರೋಗ್ಯವಾದ ಇನ್ನೊಂದು ಗುಂಡಿಯ ಸ್ಲರಿ ತಂದು ಹಾಕುವುದೂ ಒಳ್ಳೆಯದು. ಮೆಲುಕು ನಿಂತ ಹಸುವಿಗೆ ಬೇರೆ ಹಸುವಿನ ಹೊಟ್ಟೆಯ ನೀರು ಕುಡಿಸುತ್ತೇವಲ್ಲ, ಅದೇ ಚಿಕಿತ್ಸೆ.

ಇನ್ನು ಔಷಧಿ. ಕೆಚ್ಚಲು ಬಾವಿಗೋ ಗರ್ಭಕೋಶದ ಸೋಂಕಿಗೋ ಆಂಟಿಬಯೋಟಿಕ್ ಕೊಟ್ಟಾಗ ಇಷ್ಟು ದಿನ ಹಾಲನ್ನು ಸಂಘಕ್ಕೆ ಹಾಕಬೇಡಿ ಎನ್ನುತ್ತೇವೆ. ಅಷ್ಟೂ ದಿನ ಆ ರಾಸಿನ ಸಗಣಿಯನ್ನು ಗ್ಯಾಸಿಗೂ ಹಾಕಬೇಡಿ, ತಿಪ್ಪೆಗೆ ಹಾಕಿ. ಔಷಧಿಯ ಒಂದಂಶ ಸಗಣಿಯಲ್ಲಿ ಹೊರಬಂದು ಗುಂಡಿಯ ಜೀವಿಗಳನ್ನೂ ಕೊಲ್ಲುತ್ತದೆ. ಐದು ಹಸುಗಳಲ್ಲಿ ಒಂದರದಾದರೆ ಗುಂಡಿ ತಡೆದೀತು, ಎರಡರಲ್ಲಿ ಒಂದಾದರೆ ಕಷ್ಟ. ಫಿನಾಯಿಲ್, ಬ್ಲೀಚಿಂಗ್ ಪುಡಿ, ಉಣ್ಣೆಯ ಔಷಧಿ ಬೆರೆತ ಕೊಟ್ಟಿಗೆ ತೊಳೆದ ನೀರು ಅತ್ತ ಹರಿಯದಂತೆ ಬೇರೆ ಮೋರಿ ಮಾಡಿಸಿ.

ಚಳಿಗಾಲದಲ್ಲಿ ಗ್ಯಾಸ್ ಕಡಿಮೆಯಾಗುವುದು ಸಹಜ. ಕಲಸಲು ಬಿಸಿಲಿಗಿಟ್ಟ ನೀರು ಬಳಸಿ. ಉರಿ ಪುಟಪುಟ ಎಂದು ಹಾರುತ್ತಿದ್ದರೆ ಪೈಪಿನಲ್ಲಿ ನೀರು ನಿಂತಿದೆ ಎಂದರ್ಥ, ತಗ್ಗಿನಲ್ಲಿರುವ ನಲ್ಲಿ ಬಿಚ್ಚಿ ಅದನ್ನು ತೆಗೆಯಿರಿ. ಸೋರಿಕೆ ನೋಡಲು ಸೋಪಿನ ನೊರೆ ಹಚ್ಚಿ, ಬೆಂಕಿಕಡ್ಡಿ ಬೇಡ. ಒಲೆ ಗೋಬರ್ ಗ್ಯಾಸಿನದ್ದೇ ಆಗಿರಲಿ, ಸಿಲಿಂಡರಿನ ಒಲೆಯ ಸಣ್ಣ ರಂಧ್ರ ಇದಕ್ಕೆ ಆಗದು. ಒಳತೊಟ್ಟಿ, ಹೊರತೊಟ್ಟಿಗಳಿಗೆ ಚಪ್ಪಡಿ ಮುಚ್ಚಿ, ಕರು ಬಿದ್ದೀತು, ಮಗು ಬಿದ್ದೀತು. ಎಲ್ಲಕ್ಕಿಂತ ಮುಖ್ಯ, ಗುಂಡಿಯೊಳಗೆ ಯಾರೂ ಇಳಿಯಬಾರದು, ಖಾಲಿ ಮಾಡಿದ ಮೇಲೂ. ಒಳಗಿನ ಗಾಳಿಯಲ್ಲಿ ಉಸಿರುಕಟ್ಟಿ ಬಿದ್ದವರನ್ನು ಎತ್ತಲು ಇಳಿದವರೂ ಸಾಯುತ್ತಾರೆ.

ಶಿರಸಿ ಸೀಮೆಯಲ್ಲಿ ಗೋಬರ್ ಗ್ಯಾಸ್ ಮನೆಮನೆಯಲ್ಲೂ ನಿಂತದ್ದರ ಹಿಂದೆ ಕಟ್ಟಿದವರೇ ರಿಪೇರಿಗೂ ಬರುವ ರೂಢಿ ಇತ್ತು, ಸ್ಲರಿಯನ್ನು ಕಾಯುವ ಅಡಿಕೆ ತೋಟವೂ ಇತ್ತು. ಗುಜರಾತಿನ ಆಣಂದ್ ಜಿಲ್ಲೆಯ ಝಕಾರಿಯಾಪುರದಲ್ಲಿ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯ ನೆರವಿನಿಂದ ಹಾಲು ಉತ್ಪಾದಕ ಮಹಿಳೆಯರು ಮನೆಗೊಂದು ಘಟಕ ಇಟ್ಟುಕೊಂಡು, ತಮ್ಮ ಹೊಲಕ್ಕೆ ಹಾಕಿ ಮಿಕ್ಕ ಸ್ಲರಿಯನ್ನು ಮಾರುತ್ತಾರೆ. ನಿಮ್ಮಲ್ಲಿ ತೋಟವಿಲ್ಲದಿದ್ದರೆ ನೇಪಿಯರ್ ಹುಲ್ಲಿದೆ, ಮುಸುಕಿನ ಜೋಳವಿದೆ. ಬಿಸಿಲಿಗೆ ಒಣಗಿಸಿದರೆ ಸ್ಲರಿಯ ಸಾರಜನಕ ಹಾರಿಹೋಗುತ್ತದೆ. ಹಸಿಯಾಗಿ ಹರಿಸಿ, ಇಲ್ಲವೇ ನೆರಳಿನ ಗುಂಡಿಯಲ್ಲಿ ತರಗೆಲೆ, ಮೇವಿನ ಕಸದ ಜೊತೆ ಪದರ ಪದರವಾಗಿ ಹಾಕಿ. ಮೇವಿನ ಹೊಲಕ್ಕಾದರೆ ಕೊಯ್ದ ಮರುದಿನ ಬುಡಕ್ಕೆ ಬಿಡಿ. ನಾಳೆ ಕೊಯ್ಯುವ ಎಲೆಯ ಮೇಲೆ ಸುರಿಯಬೇಡಿ, ಜಂತುಹುಳುವಿನ ಮೊಟ್ಟೆಗಳೆಲ್ಲ ಗುಂಡಿಯಲ್ಲಿ ಸಾಯುವುದಿಲ್ಲ.