ಮತಪೆಟ್ಟಿಗೆಯೂ ಜನರ ನಂಬಿಕೆಯೂ

ಪ್ರಜಾಪ್ರಭುತ್ವವೆಂದರೆ ಜನರು ತಮ್ಮನ್ನು ಆಳುವವರನ್ನು ತಾವೇ ಆರಿಸಿಕೊಳ್ಳುವ ವ್ಯವಸ್ಥೆ ಎಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ಆರಿಸಿದ ಮಾತ್ರಕ್ಕೆ ಆಳ್ವಿಕೆ ನಡೆಯುವುದಿಲ್ಲ. ಆಯ್ಕೆಯು ನ್ಯಾಯವಾಗಿ ನಡೆಯಿತೆಂದು ಜನರು ನಂಬಬೇಕು. ಗೆದ್ದವನಿಗೆ ಚುನಾವಣೆಯ ನ್ಯಾಯದ ವಿಷಯದಲ್ಲಿ ಸಂದೇಹ ಹುಟ್ಟುವುದು ಅಪರೂಪ. ನಂಬಿಕೆಯ ನಿಜವಾದ ಪರೀಕ್ಷೆ ನಡೆಯುವುದು ಸೋತವನ ಮನಸ್ಸಿನಲ್ಲಿ. ‘ನಾನು ಸೋತೆ, ಆದರೆ ಮೋಸದಿಂದ ಸೋಲಲಿಲ್ಲ’ ಎಂದು ಅವನೂ ಅವನಿಗೆ ಮತ ಕೊಟ್ಟವರೂ ಒಪ್ಪಿದಾಗ ಮಾತ್ರ ಅಧಿಕಾರವು ಒಬ್ಬರಿಂದ ಇನ್ನೊಬ್ಬರಿಗೆ ಶಾಂತಿಯಿಂದ ಹೋಗುತ್ತದೆ. 1977ರ ಮಾರ್ಚ್ ತಿಂಗಳಲ್ಲಿ ನಡೆದ ಲೋಕಸಭಾ ಚುನಾವಣೆಯಲ್ಲಿ ಅಂದಿನ ಪ್ರಧಾನಮಂತ್ರಿ ಶ್ರೀಮತಿ ಇಂದಿರಾ ಗಾಂಧಿಯವರು ತಮ್ಮ ರಾಯ್‌ಬರೇಲಿ ಕ್ಷೇತ್ರದಲ್ಲಿಯೇ ಸೋತರು. ಅವರ ಪಕ್ಷವೂ ಬಹುಮತವನ್ನು ಕಳೆದುಕೊಂಡಿತು. ಅವರು ರಾಜೀನಾಮೆ ಕೊಟ್ಟರು. ಹೊಸ ಸರ್ಕಾರ ಬಂದಿತು. 1980ರಲ್ಲಿ ಅವರು ಮತ್ತೆ ಅಧಿಕಾರಕ್ಕೆ ಬಂದುದೂ ಅದೇ ಮತಪೆಟ್ಟಿಗೆಯ ಮೂಲಕವೇ.

ಇಂತಹ ನಂಬಿಕೆ ತಾನಾಗಿ ಹುಟ್ಟುವುದಿಲ್ಲ. ಮತ ಹಾಕುವ ಮತ್ತು ಎಣಿಸುವ ವಿಧಾನವೇ ಅದನ್ನು ಹುಟ್ಟಿಸಬೇಕು. ಆ ವಿಧಾನದಲ್ಲಿ ಒಂದಕ್ಕೊಂದು ವಿರುದ್ಧವೆಂದು ತೋರುವ ಎರಡು ಗುಣಗಳಿರಬೇಕು. ಯಾರು ಯಾರಿಗೆ ಮತ ಕೊಟ್ಟರೆಂಬುದು ಯಾರಿಗೂ ತಿಳಿಯಬಾರದು. ಆದರೆ ಕೊಟ್ಟ ಮತವೆಲ್ಲ ಸರಿಯಾಗಿ ಎಣಿಕೆಗೆ ಬಂದಿತೆಂಬುದು ಎಲ್ಲರಿಗೂ ತಿಳಿಯಬೇಕು. ಅಂಗಡಿಯಲ್ಲಿ ಕೊಟ್ಟ ಹಣಕ್ಕೆ ನಾವು ರಸೀತಿಯನ್ನು ಕೇಳಬಹುದು. ಬ್ಯಾಂಕಿನ ಲೆಕ್ಕವನ್ನು ಪಾಸ್‌ಬುಕ್ಕಿನಲ್ಲಿ ನೋಡಬಹುದು. ಮತಕ್ಕೆ ಹಾಗೆ ಹೆಸರು ಬರೆದ ರಸೀತಿ ಇರುವಂತಿಲ್ಲ. ಮತದ ಗುಟ್ಟನ್ನೂ ಎಣಿಕೆಯ ಬಹಿರಂಗವನ್ನೂ ಒಟ್ಟಿಗೆ ಸಾಧಿಸುವ ಪ್ರಯತ್ನವೇ ಮತದಾನ ವಿಧಾನಗಳ ಚರಿತ್ರೆ ಎನ್ನಬಹುದು.

ಎಲ್ಲರ ಕಣ್ಣೆದುರಿಗೆ ಕೆಲಸ ನಡೆಯಬೇಕೆಂಬ ವಿವೇಕ ನಮ್ಮ ನಾಡಿಗೆ ಹೊಸತಲ್ಲ. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯ ಉತ್ತರಮೇರೂರಿನಲ್ಲಿ ಚೋಳ ದೊರೆ ಒಂದನೆಯ ಪರಾಂತಕನ ಕಾಲದ, ಎಂದರೆ ಕ್ರಿ.ಶ. 920ರ ಸುಮಾರಿನ ಶಾಸನಗಳಿವೆ. ಗ್ರಾಮಸಭೆಯ ಸಮಿತಿಗಳಿಗೆ ಸದಸ್ಯರನ್ನು ಆರಿಸುವ ಕ್ರಮವನ್ನು ಅವು ವಿವರಿಸುತ್ತವೆ. ಊರನ್ನು ಮೂವತ್ತು ಕೇರಿಗಳಾಗಿ ವಿಂಗಡಿಸಿ, ಅರ್ಹರ ಹೆಸರುಗಳನ್ನು ಓಲೆಗಳ ಮೇಲೆ ಬರೆದು ಗಡಿಗೆಯಲ್ಲಿ ಹಾಕುತ್ತಿದ್ದರು. ಹಿರಿಯರೊಬ್ಬರು ಆ ಗಡಿಗೆಯನ್ನು ನೆರೆದವರಿಗೆಲ್ಲ ಕಾಣುವಂತೆ ಎತ್ತಿ ಹಿಡಿಯಬೇಕು. ಒಳಗಿರುವುದೇನೆಂದು ಅರಿಯದ ಬಾಲಕನೊಬ್ಬನು ಓಲೆಯನ್ನು ತೆಗೆಯಬೇಕು. ಅದನ್ನು ಮಧ್ಯಸ್ಥನು ಐದು ಬೆರಳುಗಳನ್ನೂ ಬಿಡಿಸಿದ ಅಂಗೈಯಲ್ಲಿ ಪಡೆದು ಗಟ್ಟಿಯಾಗಿ ಓದಬೇಕು. ಬಳಿಕ ಅಲ್ಲಿದ್ದ ಇತರರೂ ಅದನ್ನು ಓದಬೇಕು. ಹಿಂದೆ ಸಮಿತಿಯಲ್ಲಿದ್ದು ಲೆಕ್ಕವನ್ನೊಪ್ಪಿಸದವರಿಗೆ ಮತ್ತೆ ಅವಕಾಶವಿರಲಿಲ್ಲ.

ಇದು ಇಂದಿನ ಅರ್ಥದ ಚುನಾವಣೆಯಲ್ಲ. ಭೂಮಿ ಮತ್ತು ವೇದವಿದ್ಯೆ ಉಳ್ಳ ಕೆಲವರಿಗೆ ಮಾತ್ರ ಆ ಅರ್ಹತೆಯಿತ್ತು. ಆಯ್ಕೆ ನಡೆಯುತ್ತಿದ್ದುದು ಮತದಿಂದಲ್ಲ, ಚೀಟಿಯಿಂದ. ಆದರೂ ಬಿಡಿಸಿದ ಐದು ಬೆರಳುಗಳ ಆ ನಿಯಮವು ಗಮನಿಸತಕ್ಕದ್ದು. ಮಧ್ಯಸ್ಥನು ಪ್ರಾಮಾಣಿಕನೆಂದು ನಂಬಿರಿ ಎಂದು ಶಾಸನವು ಹೇಳುವುದಿಲ್ಲ. ಅವನ ಕೈಯಲ್ಲಿ ಬೇರೆ ಓಲೆಯಿಲ್ಲವೆಂಬುದನ್ನು ಕಣ್ಣಾರೆ ನೋಡಿರಿ ಎನ್ನುತ್ತದೆ.

ಬಹಿರಂಗದಿಂದ ಎಣಿಕೆಗೆ ಒಳಿತಾದರೂ ಮತ ಹಾಕುವವನಿಗೆ ಅದು ಅಪಾಯವಾಗಬಲ್ಲುದು. ಇಂಗ್ಲೆಂಡಿನಲ್ಲಿ ಬಹುಕಾಲ ಮತದಾರನು ಸಾರ್ವಜನಿಕರ ಮುಂದೆ ನಿಂತು ತಾನು ಯಾರ ಪರವೆಂದು ಬಾಯಿಬಿಟ್ಟು ಹೇಳಬೇಕಾಗಿತ್ತು. ಗುಮಾಸ್ತನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದನು. ಜಮೀನುದಾರನ ಇಷ್ಟಕ್ಕೆ ವಿರುದ್ಧವಾಗಿ ಮತ ಕೊಟ್ಟ ಗೇಣಿದಾರನು ಹೊಲವನ್ನು ಕಳೆದುಕೊಳ್ಳುವ ಭಯವಿತ್ತು. ಹಣ ಕೊಟ್ಟವನಿಗೆ ತಾನು ಕೊಂಡ ಮತ ತನಗೇ ಬಂದಿತೆಂಬ ಖಾತರಿಯೂ ಇತ್ತು. ಮತವೆಂಬುದು ಸಮಾಜವು ವಹಿಸಿದ ಹೊಣೆ, ಅದನ್ನು ಸಮಾಜದ ಕಣ್ಣೆದುರಿಗೇ ನಿರ್ವಹಿಸಬೇಕು ಎಂದು ಜಾನ್ ಸ್ಟುವರ್ಟ್ ಮಿಲ್ಲನಂತಹ ದೊಡ್ಡ ಚಿಂತಕನೂ ವಾದಿಸಿದನು. ಆದರೆ ಅನುಭವವು ಬೇರೆಯದನ್ನು ಕಲಿಸಿತು. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ 1856ರಲ್ಲಿ ಗುಪ್ತ ಮತದಾನ ಜಾರಿಗೆ ಬಂದಿತು. ಬ್ರಿಟನ್ 1872ರಲ್ಲಿ ಅದನ್ನು ಕಾನೂನಾಗಿ ಅಂಗೀಕರಿಸಿತು. ಬಡವನು ಒಡೆಯನಿಗೆ ಅಂಜದೆ ಮತ ಕೊಡಲು ಮರೆಯ ಒಂದು ಪರದೆ ಬೇಕಾಯಿತು.

ಸ್ವತಂತ್ರ ಭಾರತವು ತನ್ನ ಮೊದಲನೆಯ ಮಹಾಚುನಾವಣೆಯನ್ನು ನಡೆಸಿದಾಗ ಇದಕ್ಕಿಂತಲೂ ದೊಡ್ಡ ಪ್ರಶ್ನೆ ಎದುರಾಯಿತು. 1951ರ ಜನಗಣತಿಯಂತೆ ದೇಶದಲ್ಲಿ ಅಕ್ಷರ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಮತದಾರರಾದರೋ 17 ಕೋಟಿಗೂ ಹೆಚ್ಚು. ಹೆಸರನ್ನು ಓದಲಾರದವನು ಮತವನ್ನು ಹೇಗೆ ಕೊಟ್ಟಾನು? ಮೊದಲನೆಯ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ ಸೇನರು ಇದಕ್ಕೊಂದು ಉಪಾಯವನ್ನು ಕಂಡುಕೊಂಡರು. ಪ್ರತಿಯೊಬ್ಬ ಅಭ್ಯರ್ಥಿಗೂ ಒಂದು ಪ್ರತ್ಯೇಕ ಪೆಟ್ಟಿಗೆ. ಅದರ ಮೇಲೆ ಅವನ ಗುರುತಿನ ಚಿತ್ರ. ಮತದಾರನು ಪರದೆಯ ಹಿಂದೆ ಹೋಗಿ ಮತಪತ್ರವನ್ನು ತನಗೆ ಬೇಕಾದ ಪೆಟ್ಟಿಗೆಯಲ್ಲಿ ಹಾಕಿದರಾಯಿತು. ಹಿಮಾಚಲ ಪ್ರದೇಶದ ಚಿನಿ ತಾಲ್ಲೂಕಿನಲ್ಲಿ ಹಿಮ ಬಿದ್ದು ದಾರಿ ಮುಚ್ಚುವ ಮೊದಲೇ, 1951ರ ಅಕ್ಟೋಬರ್ 25ರಂದು ಮತದಾನ ಪ್ರಾರಂಭವಾಯಿತು.

ನಂಬಿಕೆಯ ತಳಹದಿ ಮತದಾರರ ಪಟ್ಟಿ. ಆ ಪಟ್ಟಿಯನ್ನು ತಯಾರಿಸುವಾಗ ಅನೇಕ ಹೆಂಗಸರು ತಮ್ಮ ಹೆಸರನ್ನು ಹೇಳದೆ, ಇಂಥವರ ಹೆಂಡತಿ, ಇಂಥವರ ತಾಯಿ ಎಂದು ಮಾತ್ರ ಬರೆಯಿಸಿದರು. ಸ್ವಂತ ಹೆಸರಿಲ್ಲದೆ ಮತವಿಲ್ಲವೆಂದು ಸೇನರು ಪಟ್ಟುಹಿಡಿದರು. ಸುಮಾರು 28 ಲಕ್ಷ ಸ್ತ್ರೀಯರು ಆ ಸಲ ಮತವನ್ನು ಕಳೆದುಕೊಂಡರು. ಮಾತು ಕಠಿಣವಾಗಿ ತೋರಬಹುದು. ಆದರೆ ರಾಜ್ಯದ ಮುಂದೆ ಪ್ರತಿಯೊಬ್ಬ ಹೆಂಗಸೂ ಯಾರದೋ ಸಂಬಂಧಿಯಲ್ಲ, ತಾನೇ ಒಬ್ಬ ಪ್ರಜೆ ಎಂಬ ತತ್ತ್ವ ಅದರಲ್ಲಿತ್ತು.

ಪಟ್ಟಿ ಸರಿಯಿದ್ದರೂ ಒಬ್ಬನೇ ಎರಡು ಸಲ ಮತ ಹಾಕದಂತೆ ನೋಡಿಕೊಳ್ಳಬೇಕಷ್ಟೆ. ಇದಕ್ಕೆ ನೆರವಾದದ್ದು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ ಸ್ಥಾಪಿತವಾದ ಅರಗು ಮತ್ತು ಬಣ್ಣದ ಕಾರ್ಖಾನೆಯು ಇಂದು ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಎಂಬ ಹೆಸರಿನ ರಾಜ್ಯ ಸರ್ಕಾರಿ ಉದ್ಯಮ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯವು ರೂಪಿಸಿದ ಅಳಿಸಲಾಗದ ಶಾಯಿಯನ್ನು ಅದು 1962ರ ಚುನಾವಣೆಯಿಂದ ತಯಾರಿಸಿಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಬೆಳಕಿಗೆ ಕಪ್ಪಾಗಿ ಅಂಟಿಕೊಳ್ಳುತ್ತದೆ. ಉಗುರಿನ ಮೇಲಿನ ಗುರುತು ಉಗುರು ಬೆಳೆದು ಹೋಗುವವರೆಗೂ ಉಳಿಯುತ್ತದೆ. ಮತ ಹಾಕಿದೆನೆಂಬುದು ಬೆರಳಿನಲ್ಲಿ ಬಹಿರಂಗ. ಯಾರಿಗೆ ಹಾಕಿದೆನೆಂಬುದು ಮನಸ್ಸಿನಲ್ಲಿ ಗುಪ್ತ.

ಅನೇಕ ಪೆಟ್ಟಿಗೆಗಳ ಪದ್ಧತಿಯಲ್ಲಿಯೂ ಕೊರತೆಯಿತ್ತು. ಮತಪತ್ರವನ್ನು ಪೆಟ್ಟಿಗೆಯಲ್ಲಿ ಹಾಕದೆ ಹೊರಗೆ ಸಾಗಿಸಿ ಮಾರಿಕೊಳ್ಳಲು ಅವಕಾಶವಿತ್ತು. ಆದುದರಿಂದ ಎಲ್ಲ ಅಭ್ಯರ್ಥಿಗಳ ಹೆಸರು, ಚಿಹ್ನೆಗಳಿರುವ ಒಂದೇ ಪತ್ರದ ಮೇಲೆ ಮುದ್ರೆಯೊತ್ತಿ ಒಂದೇ ಪೆಟ್ಟಿಗೆಯಲ್ಲಿ ಹಾಕುವ ಪದ್ಧತಿ 1962ರ ಹೊತ್ತಿಗೆ ಬಳಕೆಗೆ ಬಂದಿತು. ಮುಂದೆ ಇದಕ್ಕೂ ಕೇಡು ತಗುಲಿತು. ಕೆಲವು ಕಡೆ ಪುಂಡರು ಮತಗಟ್ಟೆಗೆ ನುಗ್ಗಿ ಮತಪತ್ರಗಳ ಕಟ್ಟುಗಳಿಗೇ ಮುದ್ರೆಯೊತ್ತಿ ತುಂಬುವ ಅನ್ಯಾಯ ನಡೆಯಿತು.

ಇಂತಹ ಸ್ಥಿತಿಯಲ್ಲಿ ಬಂದದ್ದು ವಿದ್ಯುನ್ಮಾನ ಮತಯಂತ್ರ. ಇದನ್ನು ತಯಾರಿಸಿದವು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಎಂಬ ಸರ್ಕಾರಿ ಸಂಸ್ಥೆಗಳು. ನಿಮಿಷಕ್ಕೆ ನಾಲ್ಕೈದು ಮತಗಳಿಗಿಂತ ಹೆಚ್ಚನ್ನು ಅದು ಸ್ವೀಕರಿಸದಾದ್ದರಿಂದ ಪುಂಡರ ಅವಸರಕ್ಕೆ ತಡೆ ಬಿದ್ದಿತು. 1982ರ ಮೇ ತಿಂಗಳಲ್ಲಿ ಕೇರಳದ ಪರೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಅದರ ಪ್ರಥಮ ಪ್ರಯೋಗ ನಡೆಯಿತು. ಕೇವಲ 123 ಮತಗಳಿಂದ ಸೋತ ಅಭ್ಯರ್ಥಿಯು ನ್ಯಾಯಾಲಯದ ಬಾಗಿಲು ತಟ್ಟಿದನು. ಯಂತ್ರದಲ್ಲಿ ದೋಷವಿದೆಯೆಂದು ಸರ್ವೋಚ್ಚ ನ್ಯಾಯಾಲಯವು ಹೇಳಲಿಲ್ಲ. ಯಂತ್ರದಿಂದ ಮತ ಪಡೆಯಲು ಅಂದಿನ ಕಾನೂನಿನಲ್ಲಿ ಅವಕಾಶವಿಲ್ಲವೆಂದು ಹೇಳಿ 1984ರಲ್ಲಿ ಆ 50 ಮತಗಟ್ಟೆಗಳಲ್ಲಿ ಮರುಮತದಾನಕ್ಕೆ ಆಜ್ಞಾಪಿಸಿತು. ಮೊದಲು ಸೋತವನೇ ಕೊನೆಗೆ ಗೆದ್ದನು. ಸಾಧನ ಒಳ್ಳೆಯದಾದರೆ ಸಾಲದು, ಅದು ಕಾನೂನಿನ ಮಾರ್ಗದಲ್ಲಿ ಬರಬೇಕು ಎಂಬುದು ಇದರಿಂದ ಸಿದ್ಧವಾಯಿತು. 1988ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು. 2004ರ ಲೋಕಸಭಾ ಚುನಾವಣೆಯಲ್ಲಿ ದೇಶದ ಎಲ್ಲ ಕಡೆಯೂ ಯಂತ್ರವನ್ನೇ ಬಳಸಲಾಯಿತು.

ಆದರೆ ಗಡಿಗೆಯ ಒಳಗನ್ನು ನೋಡಬಹುದು, ಪತ್ರವನ್ನು ಕೈಯಿಂದ ಎಣಿಸಬಹುದು. ಯಂತ್ರದ ಒಡಲಿನೊಳಗೆ ನಡೆಯುವುದು ಕಣ್ಣಿಗೆ ಕಾಣದು. ಜರ್ಮನಿಯಲ್ಲಿ 2005ರ ಚುನಾವಣೆಗೆ ಬಳಸಿದ ಯಂತ್ರಗಳ ವಿಷಯದಲ್ಲಿ ಆ ದೇಶದ ಸಂವಿಧಾನ ನ್ಯಾಯಾಲಯವು 2009ರಲ್ಲಿ ತೀರ್ಪಿತ್ತಿತು. ಮೋಸ ನಡೆದಿತ್ತೆಂದು ಅದು ಹೇಳಲಿಲ್ಲ. ವಿಶೇಷ ತಾಂತ್ರಿಕ ಜ್ಞಾನವಿಲ್ಲದ ಸಾಮಾನ್ಯ ಪ್ರಜೆಯೂ ಚುನಾವಣೆಯ ಮುಖ್ಯ ಹಂತಗಳನ್ನು ಪರಿಶೀಲಿಸುವಂತಿರಬೇಕು, ಆ ಯಂತ್ರಗಳಲ್ಲಿ ಅದು ಸಾಧ್ಯವಿರಲಿಲ್ಲ ಎಂದಿತು. ಜರ್ಮನರು ಕಾಗದಕ್ಕೆ ಮರಳಿದರು. 2024ರ ಹೊತ್ತಿಗೆ ಸುಮಾರು 97 ಕೋಟಿ ಮತದಾರರಿದ್ದ ಭಾರತವು ಬೇರೆ ದಾರಿಯನ್ನು ಹಿಡಿಯಿತು. ಯಂತ್ರವನ್ನು ಉಳಿಸಿಕೊಂಡು ಅದರ ಪಕ್ಕದಲ್ಲಿ ಕಾಗದವನ್ನು ಸಾಕ್ಷಿಯಾಗಿ ಇರಿಸಿತು.

ಈ ಸಾಕ್ಷಿಯಂತ್ರವೇ ವಿವಿಪ್ಯಾಟ್. 2013ರಲ್ಲಿ ನಾಗಾಲ್ಯಾಂಡಿನ ನೋಕ್ಸೆನ್ ಕ್ಷೇತ್ರದಲ್ಲಿ ಮೊದಲು ಬಳಕೆಯಾದ ಇದು 2019ರಲ್ಲಿ ಎಲ್ಲ ಮತಗಟ್ಟೆಗಳಿಗೂ ಬಂದಿತು. ಗುಂಡಿಯನ್ನು ಒತ್ತಿದ ಕೂಡಲೇ ಅಭ್ಯರ್ಥಿಯ ಹೆಸರು, ಚಿಹ್ನೆಗಳುಳ್ಳ ಚೀಟಿಯು ಗಾಜಿನ ಹಿಂದೆ ಏಳು ಸೆಕೆಂಡುಗಳ ಕಾಲ ಕಾಣಿಸಿ, ತಾನಾಗಿ ಕೆಳಗಿನ ಪೆಟ್ಟಿಗೆಯೊಳಕ್ಕೆ ಬೀಳುತ್ತದೆ. ಚೀಟಿಯನ್ನು ಮತದಾರನ ಕೈಗೇಕೆ ಕೊಡಬಾರದೆಂದು ಕೆಲವರು ಕೇಳುವುದುಂಟು. ಕೊಟ್ಟರೆ ಅವನು ಅದನ್ನು ಹಣ ಕೊಟ್ಟವನಿಗೋ ಬೆದರಿಸಿದವನಿಗೋ ತೋರಿಸಬೇಕಾಗುತ್ತದೆ. ಹಳೆಯ ಇಂಗ್ಲೆಂಡಿನ ಗೇಣಿದಾರನ ಸ್ಥಿತಿಯೇ ಮರಳಿ ಬರುತ್ತದೆ. ನೋಡಬಹುದು, ಒಯ್ಯಬಾರದು ಎಂಬ ಈ ನಿಯಮದಲ್ಲಿ ಗುಟ್ಟು ಉಳಿದು ಸಾಕ್ಷಿಯೂ ದೊರಕಿದಂತಾಯಿತು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿಯೆತ್ತಿ ಆರಿಸಿದ ಐದು ಮತಗಟ್ಟೆಗಳ ಕಾಗದದ ಚೀಟಿಗಳನ್ನು ಎಣಿಸಿ ಯಂತ್ರದ ಲೆಕ್ಕದೊಡನೆ ತಾಳೆ ನೋಡಬೇಕೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದೇಶಿಸಿತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು 2024ರಲ್ಲಿ ಅದು ಒಪ್ಪಲಿಲ್ಲ. ಆದರೆ ಎರಡನೆಯ ಮತ್ತು ಮೂರನೆಯ ಸ್ಥಾನ ಪಡೆದವರು ಕೇಳಿಕೊಂಡರೆ ನೂರಕ್ಕೆ ಐದರಷ್ಟು ಯಂತ್ರಗಳನ್ನು ಪರೀಕ್ಷಿಸಿ ತೋರಿಸಬೇಕೆಂದು ವಿಧಿಸಿತು. ಈ ಹಕ್ಕು ಸೋತವರಿಗೇ ದೊರೆತುದನ್ನು ಗಮನಿಸಬೇಕು.

ಯಂತ್ರವಿರಲಿ, ಕಾಗದವಿರಲಿ, ಕಾಯುವ ಕಣ್ಣುಗಳಿಲ್ಲದೆ ಯಾವುದೂ ತಾನೇ ಪ್ರಾಮಾಣಿಕವಾಗಿರಲಾರದು. ಮತದಾನಕ್ಕೆ ಮೊದಲು ಪಕ್ಷಗಳ ಏಜೆಂಟರ ಎದುರಿಗೆ ಕನಿಷ್ಠ ಐವತ್ತು ಮತಗಳ ಅಣಕು ಮತದಾನ ನಡೆಸಿ, ಲೆಕ್ಕ ಸರಿಬಂದುದನ್ನು ತೋರಿಸಿ, ಅದನ್ನು ಅಳಿಸಿ ಯಂತ್ರಕ್ಕೆ ಮೊಹರು ಹಾಕುತ್ತಾರೆ. ಸಂಜೆ ಒಟ್ಟು ಮತಗಳ ಸಂಖ್ಯೆಯನ್ನು ಬರೆದ ಪತ್ರದ ಪ್ರತಿಯನ್ನು ಏಜೆಂಟರಿಗೆ ಕೊಡುತ್ತಾರೆ. ಎಣಿಕೆಯ ದಿನ ಆ ಸಂಖ್ಯೆಯನ್ನು ಅವರು ಹೋಲಿಸಿ ನೋಡಬಹುದು. ಏಜೆಂಟನು ನಿದ್ರಿಸಿದರೆ ಈ ಏರ್ಪಾಡುಗಳೆಲ್ಲ ಬರಿಯ ಕಾಗದವಾಗಿ ಉಳಿಯುತ್ತವೆ.

‘ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಪ್ರಜೆಯು ಸಂದೇಹಪಡುವುದು ತಪ್ಪಲ್ಲ. ಸಂದೇಹವನ್ನು ಪರಿಶೀಲಿಸದೆ ವದಂತಿಯಾಗಿ ಹರಡುವುದು ತಪ್ಪು. ಪ್ರಶ್ನಿಸಿದವನನ್ನು ದ್ರೋಹಿಯೆಂದು ಜರೆಯುವುದೂ ಅಷ್ಟೇ ತಪ್ಪು. ಕೇಳಿದವನಿಗೆ ಅಧಿಕಾರಿಗಳು ಗಡಿಗೆಯನ್ನು ಎತ್ತಿ ತೋರಿಸಬೇಕು. ಕಂಡ ಮೇಲೆ ಕೇಳಿದವನು ಒಪ್ಪಿಕೊಳ್ಳಬೇಕು. 1989ರಿಂದ ನಮ್ಮ ದೇಶದಲ್ಲಿ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿದಿದೆ. ಇಂದು ಈ ಪಾಠವನ್ನು ಓದುತ್ತಿರುವವರ ಬೆರಳಿಗೂ ಇನ್ನು ಕೆಲವೇ ವರ್ಷಗಳಲ್ಲಿ ಮೈಸೂರಿನ ಶಾಯಿ ತಗುಲುವುದು. ಅಂದು ಗುಟ್ಟಾಗಿ ಮತ ಕೊಡುವ ಧೈರ್ಯ, ಬಹಿರಂಗವಾಗಿ ಲೆಕ್ಕ ಕೇಳುವ ಎಚ್ಚರ, ಸೋತರೂ ತೀರ್ಪನ್ನು ಗೌರವಿಸುವ ಸೌಜನ್ಯ ಈ ಮೂರೂ ಅವರಲ್ಲಿರಬೇಕು.

ಪದಗಳ ಅರ್ಥ

ಗುಪ್ತ – ಗುಟ್ಟಾದ, ಮರೆಯಾದ. ಮಧ್ಯಸ್ಥ – ಎರಡು ಕಡೆಗೂ ಸೇರದೆ ನಡುವೆ ನಿಂತು ಕೆಲಸ ನಡೆಸುವವನು. ಗೇಣಿದಾರ – ಬೇರೆಯವರ ಭೂಮಿಯನ್ನು ಗೇಣಿಗೆ ಉಳುವವನು. ಅಣಕು ಮತದಾನ – ಪರೀಕ್ಷೆಗಾಗಿ ನಡೆಸುವ ಮತದಾನ. ತಾಳೆ ನೋಡು – ಹೋಲಿಸಿ ಪರೀಕ್ಷಿಸು. ವದಂತಿ – ಆಧಾರವಿಲ್ಲದ ಸುದ್ದಿ. ಪ್ರಮಾಣಿಸು – ನಿಜವನ್ನು ಪರೀಕ್ಷಿಸಿ ತಿಳಿ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
1. ಉತ್ತರಮೇರೂರಿನ ಶಾಸನಗಳು ಯಾವ ದೊರೆಯ ಕಾಲದವು?
2. ಬ್ರಿಟನ್ನಿನಲ್ಲಿ ಗುಪ್ತ ಮತದಾನ ಯಾವ ವರ್ಷದಲ್ಲಿ ಕಾನೂನಾಯಿತು?
3. ಮತಯಂತ್ರದ ಪ್ರಥಮ ಪ್ರಯೋಗ ಎಲ್ಲಿ ನಡೆಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
1. ಮತದಾನದ ವಿಧಾನದಲ್ಲಿರಬೇಕಾದ ಎರಡು ಗುಣಗಳಾವುವು? ಅವು ಪರಸ್ಪರ ವಿರುದ್ಧವೆಂದು ತೋರುವುದೇಕೆ?
2. ಅನೇಕ ಪೆಟ್ಟಿಗೆಗಳ ಪದ್ಧತಿಯನ್ನು ಕೈಬಿಡಲು ಕಾರಣವೇನು?
3. ವಿವಿಪ್ಯಾಟ್ ಚೀಟಿಯನ್ನು ಮತದಾರನ ಕೈಗೆ ಕೊಡುವುದಿಲ್ಲವೇಕೆ?

ಇ) ಸಂದರ್ಭವನ್ನು ಸೂಚಿಸಿ ವಿವರಿಸಿರಿ:
1. ‘ನಂಬಿಕೆಯ ನಿಜವಾದ ಪರೀಕ್ಷೆ ನಡೆಯುವುದು ಸೋತವನ ಮನಸ್ಸಿನಲ್ಲಿ.’
2. ‘ನೋಡಬಹುದು, ಒಯ್ಯಬಾರದು.’

ಈ) ನಿಮ್ಮ ತರಗತಿಯ ನಾಯಕನ ಆಯ್ಕೆಯನ್ನು ಗುಪ್ತ ಮತದಾನದಿಂದ ನಡೆಸಿರಿ. ಎಣಿಕೆಯಲ್ಲಿ ಸೋತವರಿಗೂ ನಂಬಿಕೆ ಹುಟ್ಟುವಂತೆ ನೀವು ಕೈಗೊಂಡ ಕ್ರಮಗಳನ್ನು ಬರೆಯಿರಿ.