ಗಡಿನಾಡಿನ ಪಾಠಶಾಲೆ

ಈಶ್ವರಮಂಗಲವು ಪುತ್ತೂರು ತಾಲ್ಲೂಕಿನಲ್ಲಿ ಕೇರಳದ ಗಡಿಗೆ ಸಮೀಪವಾಗಿರುವ ಊರು. ಈ ಸೀಮೆಯ ಮಗುವಿನ ಮನೆಮಾತು ತುಳುವಾಗಿರಬಹುದು. ಬ್ಯಾರಿ, ಕೊಂಕಣಿ, ಮರಾಠಿ ಅಥವಾ ಮಲೆಯಾಳವಾಗಿರಬಹುದು. ಹವ್ಯಕರ ಮನೆಯ ಕನ್ನಡವೂ ಪುಸ್ತಕದ ಕನ್ನಡವಲ್ಲ. ಅಂಗಳದಲ್ಲಿ "ಒಂಜಿ, ರಡ್ಡ್, ಮೂಜಿ" ಎಂದು ಅಡಕೆಯನ್ನು ಎಣಿಸಿದ ಮಗುವು ಶಾಲೆಯಲ್ಲಿ "ಒಂದು, ಎರಡು, ಮೂರು" ಎಂದು ಮರಳಿ ಆರಂಭಿಸಬೇಕು. ಆ ಮೊದಲ ದಿನಗಳ ಮೌನವನ್ನು ದಡ್ಡತನವೆಂದು ತಿಳಿಯುವುದು ಅನ್ಯಾಯವಲ್ಲವೇ?

ಹಿಂದೆ ಈ ಜಿಲ್ಲೆಯು ಮದರಾಸು ಆಧಿಪತ್ಯಕ್ಕೆ ಸೇರಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಶಾಲೆಗಳನ್ನೂ ಮುದ್ರಣಾಲಯವನ್ನೂ ಸ್ಥಾಪಿಸಿದರು. ಕನ್ನಡವು ಪಾಠದ ಭಾಷೆಯಾಯಿತು. ದೊಡ್ಡ ಹುದ್ದೆಗೆ ಇಂಗ್ಲಿಷು ಬೇಕಾಯಿತು. ತುಳುವು ಬಹುಮಟ್ಟಿಗೆ ತರಗತಿಯ ಹೊರಗೇ ಉಳಿಯಿತು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಈಚೆ ರಾಜ್ಯಭಾಷೆಯಾದ ಕನ್ನಡವು ಆಚೆ ಅಲ್ಪಸಂಖ್ಯಾತರ ಭಾಷೆಯಾಯಿತು. ಒಂದೇ ಮನೆತನದ ಮಕ್ಕಳು ಎರಡು ರಾಜ್ಯಗಳ ಪಠ್ಯಪುಸ್ತಕಗಳನ್ನು ಓದತೊಡಗಿದರು.

ದೂರದ ಆಫ್ರಿಕದಲ್ಲಿಯೂ ಇಂತಹ ತೊಡಕುಂಟು. ಬ್ರಿಟಿಷರ ಆಳ್ವಿಕೆಯಿಂದ ಬಿಡುಗಡೆಗೊಂಡ ತಾಂಜಾನಿಯವು 1967ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಸ್ವಾಹಿಲಿಯನ್ನು ತಂದಿತು. ಪ್ರೌಢಶಾಲೆಗಳಲ್ಲಿ ಇಂಗ್ಲಿಷನ್ನೇ ಉಳಿಸಿಕೊಂಡಿತು. ಮನೆಯಲ್ಲಿ ಬೇರೊಂದು ನುಡಿಯನ್ನಾಡುವ ಮಗುವಿಗೆ ಅಲ್ಲಿ ಎರಡು ಹೊಸಿಲುಗಳು.

ಕರಾವಳಿಯ ಕೆಲವು ಶಾಲೆಗಳಲ್ಲಿ ಇಂದು ತುಳುವನ್ನು ತೃತೀಯ ಭಾಷೆಯಾಗಿ ಆರಿಸಿಕೊಳ್ಳಬಹುದು. ಆದರೆ ಅಡಕೆ ಎಣಿಸಿದ ಆ ಮಗುವು ಅದಕ್ಕಾಗಿ ಆರನೆಯ ತರಗತಿಯವರೆಗೆ ಕಾಯಬೇಕು.